ಅಜ್ಜಿಯ ಸೋಮವಾರದ ಒಪ್ಪತ್ತು

ನಮ್ಮಜ್ಜಿ ಸೋಮವಾರ ರಾತ್ರಿ ಊಟ ಮಾಡುತ್ತಿರಲಿಲ್ಲ. ಶಿವನ ವಾರ, ಅದಕ್ಕೇ ಒಪ್ಪತ್ತು ಅಂತ ನಾವು ಹುಡುಗರೆಲ್ಲ ಅಂದುಕೊಂಡಿದ್ದೆವು. ಹೈಸ್ಕೂಲಿಗೆ ಹೋಗುವಾಗ ಒಂದು ಸಲ ಕೇಳಿದ್ದಕ್ಕೆ, "ಶಿವನಿಗಲ್ಲ ಕಣೋ, ಶಾಸ್ತ್ರಿಗೆ" ಅಂದಳು. ಯಾವ ಶಾಸ್ತ್ರಿ? ನಮ್ಮೂರಲ್ಲಿ ಶಾಸ್ತ್ರಿಗಳು ಅಂದರೆ ಪಂಚಾಂಗ ನೋಡಿ ಮುಹೂರ್ತ ಹೇಳುವವರು.

ಅಪ್ಪ ಆಮೇಲೆ ಬಿಡಿಸಿ ಹೇಳಿದರು. 1965. ಒಂದು ಕಡೆ ಪಾಕಿಸ್ತಾನದ ಜೊತೆ ಯುದ್ಧ, ಇನ್ನೊಂದು ಕಡೆ ಮಳೆ ಇಲ್ಲ, ಅಮೆರಿಕದ ಗೋಧಿಗೆ ಕೈ ಚಾಚಿಕೊಂಡು ನಿಂತಿದ್ದ ಕಾಲ. ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂತ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಕೇಳಿಕೊಂಡರು. ಅರಸೀಕೆರೆ ತಾಲ್ಲೂಕಿನ ನಮ್ಮೂರಲ್ಲಿ ಆಗ ಇದ್ದದ್ದು ಒಂದೇ ರೇಡಿಯೋ. ಆ ಮನೆಯಿಂದ ಸುದ್ದಿ ಬಂತು, ಅಜ್ಜಿ ಅವತ್ತು ರಾತ್ರಿ ಒಲೆ ಹಚ್ಚಲಿಲ್ಲ. ಶಾಸ್ತ್ರಿ 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ತೀರಿಕೊಂಡರು. ಅಜ್ಜಿ ಮಾತ್ರ ಸಾಯುವ ತನಕ ಆ ಒಪ್ಪತ್ತು ಬಿಡಲಿಲ್ಲ.

ಯಾಕೆ ನಂಬಿದಳು? ದೇಶಕ್ಕೆ ಹೇಳುವ ಮೊದಲು ಶಾಸ್ತ್ರಿ ತಮ್ಮ ಮನೆಯಲ್ಲೇ ಒಂದು ರಾತ್ರಿ ಅಡುಗೆ ಬೇಡ ಅಂದು, ಮಕ್ಕಳು ಹಸಿವು ತಡೆದುಕೊಳ್ಳುತ್ತಾರಾ ಅಂತ ನೋಡಿದ್ದರಂತೆ. ಪ್ರಧಾನಿಯಾಗಿದ್ದಾಗ ಒಂದು ಫಿಯೆಟ್ ಕಾರು ತಗೊಳ್ಳೋಕೆ ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ಮಾಡಿದ್ದರು. ಅವರು ಹೋದ ಮೇಲೆ ಹೆಂಡತಿ ಲಲಿತಾ ಪಿಂಚಣಿ ದುಡ್ಡಲ್ಲಿ ಅದನ್ನು ತೀರಿಸಿದರು. ಅಜ್ಜಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ಆ ಮನುಷ್ಯನ ಮುಖ ನೋಡಿದ್ದಳು, ಅಷ್ಟೇ. "ಅವ್ನೇ ಸರಿಯಾಗಿ ಉಂಡಂಗೆ ಕಾಣಲ್ಲ ಕಣೋ" ಅನ್ನುತ್ತಿದ್ದಳು.

ಅಪ್ಪನೂ ಅದೇ ಜಾತಿ. 2015ರಲ್ಲಿ ಗ್ಯಾಸ್ ಸಬ್ಸಿಡಿ ಬಿಟ್ಟುಕೊಡಿ ಅಂತ ಕೇಂದ್ರ ಸರ್ಕಾರ ಕರೆ ಕೊಟ್ಟಾಗ, ನಿವೃತ್ತ ಮೇಷ್ಟ್ರಾದ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಬಸ್ ಹತ್ತಿ ಹೋಗಿ ಏಜೆನ್ಸಿಯಲ್ಲಿ ಫಾರಂ ತುಂಬಿ ಬಂದರು. ಮದುವೆ ಮನೆಗೆ ಹೋಗಿ ಬಂದವರ ಹಾಗೆ ಖುಷಿಯಾಗಿದ್ದರು. ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಹಾಗೆ ಬಿಟ್ಟುಕೊಟ್ಟರು. ನಮ್ಮ ಜನಕ್ಕೆ ತ್ಯಾಗ ಗೊತ್ತಿಲ್ಲ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. 2020ರ ಮೇ ತಿಂಗಳಿಂದ ನಮ್ಮಂಥ ಮಾಮೂಲಿ ಗ್ರಾಹಕರ ಖಾತೆಗೆ ಸಬ್ಸಿಡಿ ಬರುವುದೇ ನಿಂತುಹೋಯಿತು. ಬಿಟ್ಟವನೂ ಒಂದೇ, ಬಿಡದವನೂ ಒಂದೇ. ಇನ್ನು ಸಂಸತ್ತಿನ ಕ್ಯಾಂಟೀನಿನ ಊಟದ ಸಬ್ಸಿಡಿ? ಅದು ನಿಂತಿದ್ದು 2021ರ ಜನವರಿಯಲ್ಲಿ. ನಮ್ಮ ಒಲೆಯದು ಮೊದಲು, ಅವರ ತಟ್ಟೆಯದು ಆಮೇಲೆ. ಅಪ್ಪನಿಗೆ ಇದನ್ನು ಓದಿ ಹೇಳಿದಾಗ ಪೇಪರ್ ಮಡಚಿಟ್ಟು ಸುಮ್ನೆ ಎದ್ದು ಹೋದರು.

ಈಗ ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. (ಅದೇ ವರ್ಷ 33 ಸಚಿವರಿಗೆ ಹೊಸ ಇನ್ನೋವಾ ಹೈಕ್ರಾಸ್ ಕಾರು, 9.9 ಕೋಟಿ ರೂಪಾಯಿ. ಇರಲಿ.) ಮರುವರ್ಷದ ಬೇಸಿಗೆಗೆ ನಮ್ಮೂರ ಮೂರು ಬೋರ್‌ವೆಲ್‌ಗಳಲ್ಲಿ ಎರಡು ಒಣಗಿದವು. ತೆಂಗಿನ ಗರಿ ಒಂದೊಂದೇ ಜೋತುಬಿದ್ದವು. ಮೂರು ದಿನಕ್ಕೊಂದು ಸಲ ಟ್ಯಾಂಕರ್, ಮನೆಗೆ ಲೆಕ್ಕ ಹಾಕಿ ಕೊಡ. ಅಂಥದ್ದರಲ್ಲಿ ಒಬ್ಬ ನಾಯಕರು ಬರುತ್ತಾರೆ ಅಂತಾಯಿತು. ಯಾರು, ಯಾವ ಪಕ್ಷ ಅಂತ ಹೇಳುವುದಿಲ್ಲ. ಹೇಳಿದರೆ ಕಾಮೆಂಟಿನಲ್ಲಿ ಅರ್ಧ ಜನ ನನ್ನ ಮೇಲೆ ಬೀಳುತ್ತೀರಿ, ಇನ್ನರ್ಧ ಜನ ಚಪ್ಪಾಳೆ ಹೊಡೆಯುತ್ತೀರಿ. ಎರಡೂ ಬೇಡ.

ಬೆಳಿಗ್ಗೆ ಎಂಟಕ್ಕೆ ಟ್ಯಾಂಕರ್ ಸದ್ದು ಕೇಳಿ ಹೆಂಗಸರು ಕೊಡ ಹಿಡಿದು ಓಡಿದರು. ನಮ್ಮವ್ವನೂ ಹೋದಳು. ಟ್ಯಾಂಕರ್ ಬೀದಿಗೆ ಬರಲಿಲ್ಲ, ಸ್ಕೂಲ್ ಮೈದಾನಕ್ಕೆ ಹೋಯಿತು. ಅಲ್ಲಿ ಪೈಪ್ ಬಿಚ್ಚಿ ನೆಲಕ್ಕೆ ನೀರು ಬಿಟ್ಟರು, ಕಾರುಗಳು ಬಂದಾಗ ಧೂಳು ಏಳಬಾರದಲ್ವಾ, ಅದಕ್ಕೆ. ಎರಡು ಟ್ಯಾಂಕರ್. ಒಣ ಮಣ್ಣು ಗಟಗಟ ಕುಡಿದು, ಮಳೆ ಬಂದ ವಾಸನೆ ಎದ್ದಿತು. ಬೇಲಿ ಪಕ್ಕದಲ್ಲಿ ಖಾಲಿ ಕೊಡ ಹಿಡಿದು ನಿಂತವರು ಆ ವಾಸನೆ ಕುಡಿದರು. ಹನ್ನೆರಡೂವರೆಗೆ ಕಾರುಗಳು ಬಂದವು. ಭಾಷಣದಲ್ಲಿ ಅವರು ಹೇಳಿದ್ದು: ಇದು ಕಷ್ಟದ ಕಾಲ, ನೀರನ್ನು ತುಪ್ಪದ ಹಾಗೆ ಬಳಸಬೇಕು, ಎಲ್ಲರೂ ಸ್ವಲ್ಪ ಸ್ವಲ್ಪ ತ್ಯಾಗ ಮಾಡಬೇಕು. ವೇದಿಕೆ ಮೇಲಿದ್ದ ಬಾಟಲಿಗಳನ್ನು ನಾನು ಎಣಿಸಿದೆ. ಒಂದೊಂದು ಗುಟುಕು ಕುಡಿದು ಬಿಟ್ಟವು ಹದಿನಾಲ್ಕು. ಅವ್ವ ಕೊನೆಗೆ ಆ ಬಾಟಲಿ ನೀರನ್ನೆಲ್ಲ ಕೊಡಕ್ಕೆ ಸುರಿದುಕೊಂಡು ಬಂದು ಹಸುವಿಗೆ ಇಟ್ಟಳು.

ಈ ತ್ಯಾಗ ಅನ್ನುವ ಮಾತೇ ನನಗೆ ತಮಾಷೆ. ರಾಜಕಾರಣದಲ್ಲಿ ಯಾರಾದರೂ ತ್ಯಾಗ ಮಾಡಿದರು ಅಂದರೆ ಅದು ಕ್ಷೇತ್ರ ತ್ಯಾಗವೇ. ಪಕ್ಕದ ಚಿಕ್ಕಮಗಳೂರಿನಲ್ಲಿ 1978ರಲ್ಲಿ ಡಿ.ಬಿ. ಚಂದ್ರೇಗೌಡರು ಇಂದಿರಾ ಗಾಂಧಿಗೆ ಲೋಕಸಭಾ ಸೀಟು ಬಿಟ್ಟುಕೊಟ್ಟ ಹಾಗೆ. ಜನ ಮಾಡುವ ತ್ಯಾಗದಲ್ಲಿ ಮಾತ್ರ ನೀರು, ಅನ್ನ, ಗ್ಯಾಸು ಇರುತ್ತವೆ.

ಸಂಬಳದ ಕಥೆಗೆ ಬರೋಣ. 2022ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಬಿಜೆಪಿ ಸರ್ಕಾರವಿತ್ತು. ಸದನದಲ್ಲಿ ಕಾಂಗ್ರೆಸ್‌ನವರು ಧರಣಿ ಕೂತಿದ್ದರು. ಆ ಗಲಾಟೆಯಲ್ಲೇ ಶಾಸಕರ ಸಂಬಳ 25,000ದಿಂದ 40,000 ಆಯಿತು. 2025ರ ಮಾರ್ಚಿನಲ್ಲಿ ಕಾಂಗ್ರೆಸ್ ಸರ್ಕಾರ. ಈ ಸಲ ಗಲಾಟೆ ಬಿಜೆಪಿಯವರದ್ದು, ಹನಿಟ್ರ್ಯಾಪ್ ವಿಷಯಕ್ಕೆ. ಆ ಗದ್ದಲದಲ್ಲೇ 40,000 ಇದ್ದದ್ದು 80,000, ಮುಖ್ಯಮಂತ್ರಿಯವರ 75,000 ಇದ್ದದ್ದು ಒಂದೂವರೆ ಲಕ್ಷ. ಚರ್ಚೆ ಇಲ್ಲ. ಅದೇ ದಿನ 18 ಶಾಸಕರು ಅಮಾನತಾಗಿ, ಮಾರ್ಷಲ್‌ಗಳು ಅವರನ್ನು ಹೊತ್ತು ಹೊರಗೆ ಹಾಕಿದರು. ಹೊತ್ತು ಹಾಕಿಸಿಕೊಂಡವರದ್ದೂ ಸೇರಿಯೇ ಡಬಲ್ ಆಯಿತು ಅನ್ನಿ. ಸಂಬಳ ಬೇಡ ಅಂತ ಯಾರೂ ಧರಣಿ ಕೂತ ಸುದ್ದಿ ನಾನು ಓದಲಿಲ್ಲ. ಹತ್ತು ದಿನ ಕಳೆದು ಏಪ್ರಿಲ್ 1 ಬಂತು. ಹಾಲು ಲೀಟರಿಗೆ 4 ರೂಪಾಯಿ, ಕರೆಂಟು ಯೂನಿಟ್ಟಿಗೆ 36 ಪೈಸೆ, ಡೀಸೆಲ್ 2 ರೂಪಾಯಿ ಜಾಸ್ತಿ. ಬಸ್ ಚಾರ್ಜು ಜನವರಿಯಲ್ಲೇ ಶೇ. 15 ಏರಿತ್ತು. ಹಾಲಿನ 4 ರೂಪಾಯಿ ರೈತರಿಗೇ ಅಂದರು. ನಾವೂ ಡೈರಿಗೆ ಹಾಕುವವರು, ಅದಕ್ಕೆ ನನ್ನ ತಕರಾರಿಲ್ಲ.

ಶಾಸಕರ ಸಂಬಳ ಏರಲೇಬಾರದು ಅಂತಲೂ ನಾನು ಹೇಳಲ್ಲ. ಬೆಳಿಗ್ಗೆ ಆರಕ್ಕೆ ಯಾವ ಶಾಸಕರ ಮನೆ ಮುಂದೆ ಬೇಕಾದರೂ ಹೋಗಿ ನೋಡಿ. ಐವತ್ತು ಜನ, ಐವತ್ತು ಕಾಫಿ. ಮದುವೆಗೆ ಕರೆದರೆ ಮುಯ್ಯಿ, ಆಸ್ಪತ್ರೆ ಅಂದರೆ ದುಡ್ಡು, ಗಣಪತಿ ಕೂರಿಸಿದರೆ ಚಂದಾ. ಕೇಳುವವರು ನಾವೇ. ಸಂಬಳ ಕಮ್ಮಿ ಇಟ್ಟರೆ ಕಂಟ್ರಾಕ್ಟರುಗಳು ಮಾತ್ರ ಚುನಾವಣೆಗೆ ನಿಲ್ಲುತ್ತಾರೆ, ಅದೂ ನಿಜ. ಆದರೆ ತಮ್ಮ ಸಂಬಳ ತಾವೇ ಬರೆದುಕೊಳ್ಳುವ ಕೆಲಸ ನಮ್ಮಲ್ಲಿ ಇನ್ಯಾರಿಗಿದೆ? ಇಂಗ್ಲೆಂಡಿನಲ್ಲಿ ಸಂಸದರ ಸಂಬಳ ನಿಗದಿ ಮಾಡೋಕೆ ಸದನದ ಹೊರಗಿನ ಒಂದು ಸಂಸ್ಥೆ ಇದೆ. ನನ್ನ ಭಾವ ಸ್ಕೂಲ್ ಮೇಷ್ಟ್ರು. 2006ರ ಏಪ್ರಿಲ್ ಆದಮೇಲೆ ಕೆಲಸಕ್ಕೆ ಸೇರಿದ್ದಕ್ಕೆ ಹಳೇ ಪಿಂಚಣಿ ಇಲ್ಲ, ಬೊಕ್ಕಸಕ್ಕೆ ಹೊರೆಯಂತೆ. ಒಂದೇ ಸಲ ಗೆದ್ದ ಮಾಜಿ ಶಾಸಕರಿಗೆ ಜೀವ ಇರೋ ತನಕ ಪಿಂಚಣಿ ಉಂಟು. ಅವರು ಹೊರೆ ಅಲ್ಲ.

ಆ ಬರದ ಬೇಸಿಗೆಯದ್ದೇ ಇನ್ನೊಂದು. ನಮ್ಮೂರ ನೀರುಗಂಟಿ, ಪಂಚಾಯಿತಿಯಿಂದ ಕೊಡುವ ಪುಡಿಗಾಸಿಗೆ ದುಡಿಯುವವನು. ವಾಲ್ವ್ ಇವನ ಕೈಯಲ್ಲಿ. ಮನಸ್ಸು ಮಾಡಿದರೆ ರಾತ್ರಿ ಹನ್ನೆರಡಕ್ಕೆ ತನ್ನ ಮನೆ ತೊಟ್ಟಿ ತುಂಬಿಸಿಕೊಳ್ಳಬಹುದು, ಯಾರಿಗೂ ಗೊತ್ತಾಗಲ್ಲ. ಒಂದು ದಿನ ಟ್ಯಾಂಕರ್ ಅರ್ಧವೇ ಬಂತು. ಮನೆಗೆ ಎರಡೇ ಕೊಡ ಅಂದ. ನಾನಂತೂ ಇವತ್ತು ಹೊಡೆದಾಟ ಗ್ಯಾರಂಟಿ ಅಂದುಕೊಂಡೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಅವನ ಹೆಂಡತಿ ಸಾಲಿನಲ್ಲಿ ನಮ್ಮವ್ವನ ಹಿಂದೆ ನಿಂತಿದ್ದಳು, ಸೊಂಟದ ಮೇಲೊಂದು ಕೊಡ, ಕೈಯಲ್ಲೊಂದು. ಅವಳ ಸರದಿ ಬರುವ ಹೊತ್ತಿಗೆ ಪೈಪಿನಲ್ಲಿ ನೀರು ಸಣ್ಣಗಾಗಿತ್ತು. ಒಂದು ಕೊಡ ತುಂಬಿತು, ಇನ್ನೊಂದು ಅರ್ಧ. ಅವನು ಪೈಪ್ ಒದರಿ ಸುತ್ತಿಟ್ಟ. ಅವಳು ಗಂಡನ ಮುಖ ನೋಡಿ ಏನೋ ಗೊಣಗಿಕೊಂಡು ನಡೆದಳು.