ಆಫೀಸು ಮುಚ್ಚಿದ್ದು ಅವರು, ಕಳೆದುಹೋದದ್ದು ನನ್ನ ರಜೆ

ಕ್ರಿಸ್‌ಮಸ್‌ಗೆ ಆಫೀಸು ಮುಚ್ಚಬೇಕು ಅಂತ ತೀರ್ಮಾನ ಮಾಡಿದ್ದು ನಾನಲ್ಲ. ಯಾವತ್ತಿಂದ ಯಾವತ್ತಿನವರೆಗೆ ಅಂತ ನನ್ನನ್ನು ಯಾರೂ ಕೇಳಲೂ ಇಲ್ಲ. ಆದರೆ ನನ್ನ ಲೆಕ್ಕದಿಂದ ಐದು ದಿನ ಆನ್ಯುಯಲ್ ಲೀವ್ ಹೋಯಿತು. ಇದು ನನಗೆ ಗೊತ್ತಾಗಿದ್ದು ಆಫೀಸು ಮುಚ್ಚುವುದಕ್ಕೆ ಆರು ದಿನ ಮುಂಚೆ. ಹೊಟ್ಟೆ ಉರೀತಾ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನಲ್ಲಿ, ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಊರಲ್ಲಿ. ಸಣ್ಣ ಅಕೌಂಟ್ಸ್ ಕಂಪನಿ, ಎಲ್ಲ ಸೇರಿದರೂ ಒಂದು ದೊಡ್ಡ ಮೇಜಿನ ಸುತ್ತ ಕೂರುವಷ್ಟು ಜನ. ಹಿಂದಿನ ವರ್ಷಗಳಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವಿನ ದಿನಗಳನ್ನು ಕಂಪನಿಯೇ ಕೊಡುತ್ತಿತ್ತು, ನಮ್ಮ ರಜೆಗೆ ಕೈ ಹಾಕುತ್ತಿರಲಿಲ್ಲ. ಹಾಗಾಗಿ ಈ ಸಲವೂ ಹಾಗೇ ಅಂತ ಎಲ್ಲರೂ ಅಂದುಕೊಂಡಿದ್ದೆವು. ಡಿಸೆಂಬರ್ 18ರ ಸಂಜೆ, ಗುರುವಾರ, ಮನೆಗೆ ಹೊರಡುವ ಹೊತ್ತಿಗೆ ಇಮೇಲ್ ಬಂತು. 24ರಿಂದ ಆಫೀಸು ಬಂದ್, ಜನವರಿ 5ಕ್ಕೆ ಮತ್ತೆ ತೆರೆಯುತ್ತದೆ, ಎಲ್ಲರೂ ಚೆನ್ನಾಗಿ ವಿಶ್ರಾಂತಿ ತಗೊಳ್ಳಿ ಅಂತ ಪ್ರೀತಿಯಿಂದ ಬರೆದಿದ್ದರು. ಕೊನೆಯ ಸಾಲಿನಲ್ಲಿ ಮಾತ್ರ, ಈ ದಿನಗಳನ್ನು ನಿಮ್ಮ ವಾರ್ಷಿಕ ರಜೆಯಿಂದ ಕಳೆಯಲಾಗುತ್ತದೆ ಅಂತ ಇತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇಲ್ಲಿಯ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ 28 ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ ಇಲ್ಲಿಯ ಕಾನೂನು. ಕೇಳುವುದಕ್ಕೆ ಜಾಸ್ತಿ ಅನಿಸುತ್ತದೆ. ಆದರೆ ಬ್ಯಾಂಕ್ ಹಾಲಿಡೇಗಳನ್ನು, ಅಂದರೆ ಇಲ್ಲಿಯ ಸಾರ್ವಜನಿಕ ರಜಾದಿನಗಳನ್ನು, ಪ್ರತ್ಯೇಕ ಕೊಡಲೇಬೇಕು ಅಂತ ಇಲ್ಲ. ಇಂಗ್ಲೆಂಡಿನ ಎಂಟು ಬ್ಯಾಂಕ್ ಹಾಲಿಡೇಗಳನ್ನೂ ಈ 28ರಲ್ಲೇ ಸೇರಿಸಬಹುದು, ನಮ್ಮ ಕಂಪನಿ ಸೇರಿಸುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ರಾಜ್ಯೋತ್ಸವದ ರಜೆಯನ್ನು ನನ್ನ ಗಳಿಕೆ ರಜೆಯಿಂದ ಯಾರೂ ಕಳೆದಿರಲಿಲ್ಲ. ಇಲ್ಲಿ ಎಂಟು ಹೋಗಿ ಉಳಿಯುವುದು 20. ಈಗ ಕ್ರಿಸ್‌ಮಸ್ ಬಂದ್ ಲೆಕ್ಕದಲ್ಲಿ ಇನ್ನೂ ಐದು. ಅಂದರೆ ನನಗೆ ಬೇಕಾದಾಗ ತಗೊಳ್ಳಲು ಇರುವುದು ಇಡೀ ವರ್ಷಕ್ಕೆ 15 ದಿನ. ಊರಿಗೆ ಒಂದು ಸಲ ಹೋಗಿ ಬಂದರೆ ಮುಗಿಯಿತು. ದೀಪಾವಳಿಗೆ ಒಂದು ದಿನ ಇಲ್ಲ, ಗಣೇಶನ ಹಬ್ಬಕ್ಕೆ ಒಂದು ದಿನ ಇಲ್ಲ, ಮಗುವಿಗೆ ಶಾಲೆ ರಜೆ ಬಂದಾಗ ಮನೆಯಲ್ಲಿರೋಣ ಅಂದರೆ ಅದೂ ಇಲ್ಲ.

ದಯವಿಟ್ಟು ಇದನ್ನು ಹಬ್ಬದ ಜಗಳ ಮಾಡಬೇಡಿ. ಕ್ರಿಸ್‌ಮಸ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ಪಕ್ಕ ಕೂರುವ ಇಂಗ್ಲಿಷ್ ಹೆಂಗಸಿಗೆ ಇಬ್ಬರು ಮಕ್ಕಳು. ಬೇಸಿಗೆಯಲ್ಲಿ ಇಲ್ಲಿ ಶಾಲೆಗಳಿಗೆ ಸುಮಾರು ಆರು ವಾರ ರಜೆ. ಅದಕ್ಕೆ ಹೊಂದಿಸಿಕೊಂಡು, ಫೆಬ್ರವರಿಯ ಶಾಲಾ ರಜೆಗೆ ಅಂತ ಒಂದಿಷ್ಟು ದಿನ ಉಳಿಸಿಕೊಂಡಿದ್ದಳು. ಕ್ರಿಸ್‌ಮಸ್ ಆಚರಿಸುವ ಅವಳದ್ದೂ ಐದು ದಿನ ಹೋಯಿತು. ಅವಳಿಗೂ ನನ್ನಷ್ಟೇ ಸಿಟ್ಟಿದೆ.

ರಜೆ ಬಂತಲ್ಲ, ಸುಮ್ನೆ ಮಜಾ ಮಾಡು ಅಂತ ಕೆಲವರು ಹೇಳುತ್ತಾರೆ. ಯಾವ ರಜೆ? ಡಿಸೆಂಬರ್ 25ಕ್ಕೆ ಇಲ್ಲಿ ರೈಲು ಓಡುವುದಿಲ್ಲ. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಊರಿಗೆ ಹೋಗೋಣ ಅಂದರೆ ವರ್ಷದಲ್ಲೇ ವಿಮಾನದ ಟಿಕೆಟ್ ಅತಿ ದುಬಾರಿ ಆಗುವ ಸಮಯ, ಅದೂ ಆರು ದಿನ ಮುಂಚೆ ಹೇಳಿದರೆ ಯಾರು ಹೋಗುತ್ತಾರೆ? ನನಗೆ ಬೇಡದ ಹೊತ್ತಿಗೆ ಮನೆಯಲ್ಲಿ ಕೂರಿಸಿದ್ದಾರೆ. ಬೇಕಾದ ಹೊತ್ತಿಗೆ ಕೊಡುವುದಿಲ್ಲ. ಜನವರಿ 31 ಇಲ್ಲಿ ಆನ್‌ಲೈನ್ ಟ್ಯಾಕ್ಸ್ ರಿಟರ್ನ್ ಸಲ್ಲಿಸುವ ಕೊನೆಯ ದಿನ. ಆ ತಿಂಗಳು ಪೂರ್ತಿ ನಮ್ಮಲ್ಲಿ ಯಾರೂ ರಜೆ ಕೇಳುವ ಹಾಗಿಲ್ಲ. ಸಂಕ್ರಾಂತಿ ದಿನ ರಾತ್ರಿ ಎಂಟರವರೆಗೂ ಆಫೀಸಿನಲ್ಲೇ ಇದ್ದೆ. ಜನವರಿಯಲ್ಲಿ ಕಂಪನಿಗಾಗಿ ಹೊತ್ತು ಮೀರಿ ದುಡಿಯಬೇಕು, ಡಿಸೆಂಬರ್‌ನಲ್ಲಿ ಕಂಪನಿಗಾಗಿ ರಜೆಯನ್ನೂ ಬಿಟ್ಟುಕೊಡಬೇಕು, ಇದ್ಯಾವ ನ್ಯಾಯ?

ನಾನು ಆ ಐದು ದಿನ ಇಟ್ಟುಕೊಂಡಿದ್ದು ಯುಗಾದಿಗೆ. ಈ ವರ್ಷ ಮಾರ್ಚ್ 19ಕ್ಕೆ ಹಬ್ಬ. ಅಮ್ಮ ತೀರ್ಥಹಳ್ಳಿಯಲ್ಲಿ ಒಬ್ಬರೇ ಇದ್ದಾರೆ, ಕಣ್ಣಿನ ಪೊರೆಯ ಆಪರೇಷನ್ ಆಗಬೇಕು, ಹಬ್ಬ ಮುಗಿಸಿಕೊಂಡು ಜೊತೆಗಿದ್ದು ಮಾಡಿಸಿ ಬರುತ್ತೇನೆ ಅಂದಿದ್ದೆ. ಅದಕ್ಕಾಗಿ ದೀಪಾವಳಿಯಲ್ಲಿ ಒಂದು ದಿನವೂ ರಜೆ ತಗೊಳ್ಳಲಿಲ್ಲ. ನರಕ ಚತುರ್ದಶಿ ದಿನ ಬೆಳಗ್ಗೆ ಎಣ್ಣೆ ಸ್ನಾನ ಮಾಡಿ ಎಂಟೂವರೆಗೆ ಕೆಲಸಕ್ಕೆ ಹೋಗಿದ್ದೆ. ಬಾಸ್‌ಗೆ ಇದೆಲ್ಲ ಗೊತ್ತು. ಸೆಪ್ಟೆಂಬರ್‌ನಲ್ಲೇ ಕೇಳಿದ್ದೆ, ಆಗಲಿ ಅಂದಿದ್ದರು. ಈಗ ಕೇಳಿದರೆ, ನಿನ್ನ ಹತ್ತಿರ ರಜೆ ಉಳಿದಿಲ್ಲವಲ್ಲ, ಬೇಕಿದ್ದರೆ ಸಂಬಳ ಇಲ್ಲದೆ ಹೋಗು ಅನ್ನುತ್ತಾರೆ. ಉಳಿದಿಲ್ಲ ಅಂದರೆ ಅದನ್ನು ತೆಗೆದವರು ಯಾರು?

ಇಂಥ ದಿನ ರಜೆ ತಗೊಳ್ಳಿ ಅಂತ ಮಾಲೀಕರು ಹೇಳಬಹುದು, ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ಅದೇ ಕಾನೂನು, 1998ರ ಕೆಲಸದ ಸಮಯದ ನಿಯಮಗಳು, ಎಷ್ಟು ದಿನದ ರಜೆಯೋ ಅದರ ಎರಡರಷ್ಟು ದಿನ ಮುಂಚೆ ತಿಳಿಸಬೇಕು ಅನ್ನುತ್ತದೆ. ಒಪ್ಪಂದದಲ್ಲಿ ಬೇರೆ ಏನಾದರೂ ಬರೆದಿದ್ದರೆ ಆ ಮಾತು ಬೇರೆ, ನಮ್ಮದರಲ್ಲಿ ಏನೂ ಬರೆದಿಲ್ಲ. ಐದು ದಿನಕ್ಕೆ ಹತ್ತು ದಿನದ ನೋಟಿಸ್ ಬೇಕಿತ್ತು. ಕೊಟ್ಟಿದ್ದು ಆರು. ಎಲ್ಲರ ಟ್ಯಾಕ್ಸ್ ಗಡುವನ್ನು ದಿನ ಎಣಿಸಿ ನೆನಪಿಸುವ ಆಫೀಸಿಗೆ ಇದೊಂದು ಗಡುವು ಮಾತ್ರ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಇದಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ನವೆಂಬರ್ ಮೊದಲಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದಳು. ಮೊದಲ ವರ್ಷ ರಜೆ ತಿಂಗಳು ತಿಂಗಳು ಕೂಡುತ್ತಾ ಹೋಗುತ್ತದೆ, ಅವಳದ್ದು ಅಷ್ಟು ಹೊತ್ತಿಗೆ ಐದು ದಿನ ಆಗಿತ್ತು ಅಷ್ಟೇ. ಮೂರು ಬ್ಯಾಂಕ್ ಹಾಲಿಡೇ, ಐದು ದಿನ ಬಂದ್, ಒಟ್ಟು ಎಂಟು. ಉಳಿದ ಮೂರು ದಿನದ ಸಂಬಳವನ್ನು ಡಿಸೆಂಬರ್ 31ರ ಪೇಸ್ಲಿಪ್‌ನಲ್ಲಿ ಕತ್ತರಿಸಿದ್ದಾರೆ. ಅವಳು ಕೆಲಸಕ್ಕೆ ಬರಲ್ಲ ಅಂದಿರಲಿಲ್ಲ. ಬಾಗಿಲು ಹಾಕಿದ್ದು ಅವರು. ಕೆಲಸ ಮಾಡಲು ತಯಾರಿದ್ದವರನ್ನು ಮನೆಗೆ ಕಳಿಸಿ, ಒಪ್ಪಂದದಲ್ಲಿ ಎಲ್ಲೂ ಇಲ್ಲದೆ ಸಂಬಳ ಹಿಡಿಯಲು ಹೇಗೆ ಮನಸ್ಸು ಬರುತ್ತದೆ? ಹೊಸದಾಗಿ ಬಂದವಳು, ಬಾಡಿಗೆ ಕಟ್ಟಬೇಕು, ಓದಿನ ಸಾಲದ ಕಂತು ಊರಿನ ಬ್ಯಾಂಕಿಗೆ ಹೋಗಬೇಕು. ಆಫೀಸಿನ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದಳು.

ನೀವು ಯಾಕೆ ಕೇಳುವುದಿಲ್ಲ ಅನ್ನುವವರಿಗೆ ವೀಸಾ ಅಂದರೆ ಏನು ಅಂತ ಗೊತ್ತಿಲ್ಲ. ನನ್ನ ವೀಸಾಕ್ಕೆ ಸ್ಪಾನ್ಸರ್ ಇದೇ ಕಂಪನಿ. ಕೆಲಸ ಹೋದರೆ ಇನ್ನೊಂದು ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ಹೆಂಡತಿ, ಮಗು, ಶಾಲೆ, ಮನೆ, ಎಲ್ಲ ಅದರ ಮೇಲೆ ನಿಂತಿದೆ. ಆ ಹುಡುಗಿ ಇಲ್ಲಿ ಓದು ಮುಗಿಸಿದವರಿಗೆ ಸ್ವಲ್ಪ ಕಾಲಕ್ಕೆ ಸಿಗುವ ಗ್ರಾಜುಯೇಟ್ ವೀಸಾದಲ್ಲಿದ್ದಾಳೆ, ಮುಂದೆ ಇವರೇ ಸ್ಪಾನ್ಸರ್ ಮಾಡಲಿ ಅನ್ನುವ ಆಸೆಗೆ ಬಾಯಿ ಮುಚ್ಚಿಕೊಂಡಿದ್ದಾಳೆ. ಮಾಲೀಕರಿಗೆ ಇದು ಚೆನ್ನಾಗಿ ಗೊತ್ತು. ನಾವೆಲ್ಲ ಒಂದು ಕುಟುಂಬ, ಸಣ್ಣ ಕಂಪನಿ, ಖರ್ಚು ತೂಗಿಸುವುದು ಕಷ್ಟ ಅನ್ನುತ್ತಾರೆ. ಕಷ್ಟ ಇರಬಹುದು, ಇಲ್ಲ ಅನ್ನುವುದಿಲ್ಲ. ಹಾಗಾದರೆ ಏಪ್ರಿಲ್‌ನಲ್ಲಿ ರಜೆಯ ವರ್ಷ ಶುರುವಾಗುವಾಗಲೇ ಹೇಳಬೇಕಿತ್ತು, ಅಲ್ವಾ? ಈ ವರ್ಷ ಐದು ದಿನ ಕ್ರಿಸ್‌ಮಸ್‌ಗೆ ಹೋಗುತ್ತದೆ, ಎತ್ತಿಡಿ ಅಂತ ಒಂದು ಸಾಲು ಬರೆದಿದ್ದರೆ ನಾನು ಈ ಅಳಲು ಬರೆಯುತ್ತಲೇ ಇರಲಿಲ್ಲ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸೋಮವಾರ ನಾನು ಮತ್ತು ಪಕ್ಕದ ಆ ಹೆಂಗಸು ಸೇರಿ ಇಮೇಲ್ ಕಳಿಸಿದ್ದೇವೆ. ನೋಟಿಸ್ ಸರಿಯಾಗಿ ಕೊಟ್ಟಿಲ್ಲ, ಐದು ದಿನ ವಾಪಸ್ ಹಾಕಿ ಅಂತ. ಇನ್ನೂ ಉತ್ತರ ಇಲ್ಲ. ಆ ಹುಡುಗಿಯ ಸಂಬಳದ ವಿಷಯ ಟ್ರಿಬ್ಯೂನಲ್‌ಗೆ, ಅಂದರೆ ಕೆಲಸದ ತಕರಾರು ಕೇಳುವ ನ್ಯಾಯಮಂಡಳಿಗೆ, ಒಯ್ಯಬೇಕಾದರೆ ಸಂಬಳ ಕತ್ತರಿಸಿದ ದಿನದಿಂದ ಮೂರು ತಿಂಗಳಿಗೆ ಒಂದು ದಿನ ಕಡಿಮೆ ಸಮಯ ಇರುತ್ತದೆ, ಅಷ್ಟರೊಳಗೆ ಮೊದಲು ಕೆಲಸದ ಜಗಳಗಳಲ್ಲಿ ಸಲಹೆ ಕೊಟ್ಟು ರಾಜಿ ಮಾಡಿಸುವ ಏಕಾಸ್ (Acas) ಅನ್ನುವ ಸಂಸ್ಥೆಗೆ ತಿಳಿಸಬೇಕು. ಅಂದರೆ ಮಾರ್ಚ್ 30. ಏಕಾಸ್ ಸಹಾಯವಾಣಿಯ ಸಲಹೆಗೆ ದುಡ್ಡು ಕೊಡಬೇಕಿಲ್ಲ, ಟ್ರಿಬ್ಯೂನಲ್‌ಗೂ 2017ರಿಂದ ಶುಲ್ಕ ಇಲ್ಲ. ಇದನ್ನೆಲ್ಲ ಅವಳಿಗೆ ಹೇಳಿದ್ದೇನೆ. ಹೆದರಿದ್ದಾಳೆ. ಶನಿವಾರ ನಮ್ಮ ಮನೆಗೆ ಊಟಕ್ಕೆ ಬಾ, ಪೇಸ್ಲಿಪ್ ಮತ್ತು ಒಪ್ಪಂದದ ಕಾಗದ ತಗೊಂಡು ಬಾ, ಕೂತು ಓದೋಣ ಅಂದಿದ್ದೇನೆ. ಬರುತ್ತೇನೆ ಅಂದಿದ್ದಾಳೆ.