ಬೀಟ್‌ರೂಟ್ ಜ್ಯೂಸ್ ಕುಡಿದರೆ ಅಜ್ಜಿಗೆ ರಕ್ತ ಏರುತ್ತದೆಯೇ?

‘ವಯಸ್ಸಾದ ಮೇಲೆ ಹಿಮೋಗ್ಲೋಬಿನ್ ಇಳಿಯುವುದು ಸಹಜ, ದಿನಾ ಬೀಟ್‌ರೂಟ್ ಜ್ಯೂಸ್ ಕುಡಿದರೆ ಸಾಕು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುವ ಮಾತು ತಪ್ಪು. ಡೆಸಿಲೀಟರಿಗೆ ಗಂಡಸರಲ್ಲಿ 13, ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ಎಪ್ಪತ್ತರಲ್ಲೂ ಅದು ರಕ್ತಹೀನತೆಯೇ. 100 ಗ್ರಾಂ ಬೀಟ್‌ರೂಟಿನಲ್ಲಿ ಹಿಮೋಗ್ಲೋಬಿನ್‌ಗೆ ಬೇಕಾದ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಕೆಂಪು ಬರೀ ಬಣ್ಣ.

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಎಂಸಿವಿ (ಕೆಂಪು ರಕ್ತಕಣಗಳ ಸರಾಸರಿ ಗಾತ್ರ) ನೋಡಿ. 80ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆಯ ಅನುಮಾನ. ದೇಹದಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಬೇಕು. ಕೊರತೆಯಿದ್ದರೆ ಕಾರಣವನ್ನೂ ಹುಡುಕಬೇಕು. ಮಂಡಿನೋವಿನ ಮಾತ್ರೆ, ಆಸ್ಪಿರಿನ್‌ನಿಂದಾದ ಹೊಟ್ಟೆಹುಣ್ಣಿನಿಂದಲೋ ಕರುಳಿನ ಗಡ್ಡೆಯಿಂದಲೋ ಕಣ್ಣಿಗೆ ಕಾಣದಷ್ಟು ರಕ್ತ ದಿನವೂ ಸೋರುತ್ತಿರಬಹುದು. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಎಂಸಿವಿ 100 ದಾಟಿದ್ದರೆ ವಿಟಮಿನ್ ಬಿ12 ಕೊರತೆ ಇದೆಯೇ ನೋಡಿಸಿ, ಅದರಲ್ಲೂ ಸಸ್ಯಾಹಾರಿಗಳು ಮತ್ತು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವ ಸಕ್ಕರೆ ಕಾಯಿಲೆಯವರು. ಮೂತ್ರಪಿಂಡ ಸೋತಿದ್ದರೆ ಎಂಸಿವಿ ಸರಿಯಿದ್ದೂ ಹಿಮೋಗ್ಲೋಬಿನ್ ಇಳಿದಿರುತ್ತದೆ. ಹಾಗಾಗಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಕೂಡ ಮಾಡಿಸಿ.