ಒಗಿಯನ್ ಎಂತದ್ದೂ ಕಲಿಸಲಿಲ್ಲವಂತೆ!

ನಿನ್ನೆ ಮಣಿಪಾಲದಲ್ಲಿ ಪುಸ್ತಕ ಓದುವವರ ಒಂದು ಕೂಟದಲ್ಲಿ ಫ್ಯಾಂಟಸಿ ಕಥೆಗಳ ಗುರುಗಳಿಗೆ ಅಂಕ ಕೊಡುವ ಆಟ ನಡೆಯಿತು. ಗ್ಯಾಂಡಾಲ್ಫ್‌ಗೆ ಹತ್ತಕ್ಕೆ ಹತ್ತು, ಡಂಬಲ್‌ಡೋರ್‌ಗೆ ಒಂಬತ್ತು. ಉರ್ಸುಲಾ ಲ ಗ್ವಿನ್ ಬರೆದ ಅರ್ಥ್‌ಸೀ ಕಥೆಗಳ ಮಂತ್ರವಾದಿ ಒಗಿಯನ್‌ಗೆ ಮೂರು. "ಪಾಪದವ, ಆದರೆ ಶಿಷ್ಯನಿಗೆ ಎಂತ ಕಲಿಸಿದ?" ಎಂದು ಯಾರೋ ಹೇಳಿದರು, ಎಲ್ಲರೂ ನಕ್ಕರು, ಚಹಾ ಬಂತು, ಮುಗಿಯಿತು. ನನ್ನ ಲ ಗ್ವಿನ್ ಹುಚ್ಚು ನಿಮಗೆಲ್ಲ ಗೊತ್ತಿದ್ದದ್ದೇ. ಹಾಗಾಗಿ ಪೀಠಿಕೆ ಇಲ್ಲ, ನೇರ ಜಗಳಕ್ಕೇ ಬರುತ್ತೇನೆ.

1968ರ 'ಎ ವಿಝರ್ಡ್ ಆಫ್ ಅರ್ಥ್‌ಸೀ'. ಕಥಾನಾಯಕ, ಹದಿಮೂರರ ಹುಡುಗ ಗೆಡ್‌ನನ್ನು ಒಗಿಯನ್ ಗಾಂಟ್ ದ್ವೀಪದ ತನ್ನ ಊರು ರೆ ಅಲ್ಬಿಗೆ ಕರಕೊಂಡು ಹೋಗುವ ದಾರಿಯನ್ನೇ ನೋಡಿ. ಮಳೆ ಬರುತ್ತದೆ. ಮೋಡವನ್ನು ಆಚೆ ತಳ್ಳುವುದು ಆ ದ್ವೀಪದ ಚಿಲ್ಲರೆ ಮಂತ್ರವಾದಿಗೂ ಗೊತ್ತಿರುವ ವಿದ್ಯೆ. ಒಬ್ಬ ತಳ್ಳಿದ್ದನ್ನು ಇನ್ನೊಬ್ಬ ತಳ್ಳಿ, ಕೊನೆಗೆ ಅದು ಸಮುದ್ರದ ಮೇಲೆ ಹೋಗಿ ಸುರಿಯುತ್ತದೆ. ಭೂಕಂಪವನ್ನೇ ನಿಲ್ಲಿಸಿದವ ಎಂದು ಹೆಸರಾದ ಒಗಿಯನ್ ಮಾತ್ರ ದಟ್ಟವಾದ ಒಂದು ಫರ್ ಮರ ಹುಡುಕಿ, ಅದರಡಿ ಮಲಗುತ್ತಾನೆ. ಗೆಡ್ ಪೊದೆಯಲ್ಲಿ ಒದ್ದೆಯಾಗಿ, ಮುಖ ಊದಿಸಿಕೊಂಡು ಕೂರುತ್ತಾನೆ. (ಆಟಿ ತಿಂಗಳಲ್ಲಿ ಮಂಗಳೂರಿನಲ್ಲಿ ಕೂತು ಓದಿದರೆ ಹುಡುಗನ ಸಿಟ್ಟು ಚೆನ್ನಾಗಿಯೇ ಅರ್ಥವಾಗುತ್ತದೆ, ಅದು ಬೇರೆ ಮಾತು.) ಇಲ್ಲಿಂದ ತಳ್ಳಿದ ಮೋಡ ಇನ್ನೆಲ್ಲೋ ಬೀಳಲೇಬೇಕಲ್ಲ? ಮುಂದೆ ಗೆಡ್ ಕಲಿಯಲು ಹೋಗುವ ರೋಕ್ ದ್ವೀಪದ ಮಂತ್ರವಿದ್ಯೆಯ ಶಾಲೆಯವರು ಸಮತೋಲದ ಬಗ್ಗೆ ಕೊಡುವ ಉಪದೇಶವೆಲ್ಲ ಇದೇ. ಒಗಿಯನ್ ನೆನೆದು ತೋರಿಸಿದ, ಅಷ್ಟೆ.

ಆಮೇಲೆ ದಾರಿಬದಿಯ ಒಂದು ಕಳೆಗಿಡ. ಒಗಿಯನ್ ಅದರ ಹತ್ತಿರ ಕೋಲೂರಿ ನಿಲ್ಲುತ್ತಾನೆ, ಹೆಸರು ಹೇಳುತ್ತಾನೆ, ಸುಮ್ಮನಾಗುತ್ತಾನೆ. ಹುಡುಗ ಒಂದು ಒಣ ಬೀಜಕೋಶ ಕಿತ್ತು, ಇದರಿಂದ ಎಂತ ಉಪಯೋಗ ಎಂದು ಕೇಳುತ್ತಾನೆ. ತನಗೆ ಗೊತ್ತಿದ್ದ ಹಾಗೆ ಏನೂ ಇಲ್ಲ ಎಂಬ ಉತ್ತರ. ಸ್ವಲ್ಪ ದೂರ ಹಿಡಕೊಂಡು ನಡೆದು ಗೆಡ್ ಅದನ್ನು ಬಿಸಾಡುತ್ತಾನೆ. ಆ ಬಿಸಾಡುವಿಕೆಯಲ್ಲೇ ಮುಂದಿನ ಅನಾಹುತವೆಲ್ಲ ಉಂಟು ಮಾರಾಯ್ರೆ! ಗಿಡದ ಬೇರು, ಎಲೆ, ಹೂ, ವಾಸನೆ, ಬೀಜ ಎಲ್ಲ ಋತುವಿನಲ್ಲೂ ಗೊತ್ತಾದ ಮೇಲೆ ಮಾತ್ರ ಅದರ ನಿಜನಾಮ (ಆ ಲೋಕದಲ್ಲಿ ಮಂತ್ರದ ಶಕ್ತಿಯೆಲ್ಲ ಇರುವುದು ಅದರಲ್ಲೇ) ಕಲಿಯಬಹುದು ಎಂಬುದು ಪಾಠ. ರೋಕ್‌ನಲ್ಲಿ ನಾಮಗುರುವಿನ ಗೋಪುರದಲ್ಲೂ ಹೆಸರುಗಳದ್ದೇ ಪಾಠ. ಆದರೆ ಅಲ್ಲಿ ಸಿಗುವುದು ಪಟ್ಟಿ, ಮಧ್ಯರಾತ್ರಿಗೆ ಶಾಯಿ ಮಾಯವಾಗುವುದರೊಳಗೆ ಬಾಯಿಪಾಠ ಮಾಡಬೇಕು. ಅಂಕ ಕೊಡುವವರಿಗೆ ಅದು ಶಿಕ್ಷಣದ ಹಾಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಹೋಗಲಿ, ಚಳಿಗಾಲದಲ್ಲಿ ಮನೆಯೊಳಗೆ ಕೂತು 600 ರೂನ್ ಅಕ್ಷರ ಕಲಿಸಿದ್ದೂ ಲೆಕ್ಕಕ್ಕಿಲ್ಲವೇ?

ಯಕ್ಷಗಾನ ನೋಡಿ ಬೆಳೆದ ಊರಿನವರು ಈ ಪ್ರಶ್ನೆ ಕೇಳುವುದು ಇನ್ನೂ ಸೋಜಿಗ. ಹಿಂದೆ ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಪ್ರಸಂಗಕ್ಕೆ ಮುಂಚಿನ ಚಿಕ್ಕ ವೇಷಗಳು. ಉಳಿದ ಹೊತ್ತು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಹಿರಿಯರು ಬಣ್ಣ ಹಾಕುವುದನ್ನು, ಕಟ್ಟಿಕೊಳ್ಳುವುದನ್ನು ನೋಡುತ್ತಾ ಕೂರುವುದು. ಅವನಿಗೆ ಯಾರೂ ಪಾಠ ಮಾಡಲಿಲ್ಲ ಎನ್ನುತ್ತೀರಾ?

ವಾದದ ಇನ್ನೊಂದು ಬದಿಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಮೆಂಟಿನಲ್ಲಿ ಬರುತ್ತದೆ. ರೆ ಅಲ್ಬಿಯ ಒಡೆಯನ ಹೆಂಡತಿ ಮಾಟಗಾತಿ. ಅದು ಒಗಿಯನ್‌ಗೆ ಗೊತ್ತು, ಹುಡುಗನಿಗೆ ಮೊದಲೇ ಹೇಳಲಿಲ್ಲ. ಅವಳ ಮಗಳು ಕೆಣಕಿದಳೆಂದು ಗೆಡ್ ಗುರುವಿಲ್ಲದಾಗ ಗ್ರಂಥ ಬಿಚ್ಚಿ, ಸತ್ತವರನ್ನು ಕರೆಯುವ ಮಂತ್ರ ಓದಲು ಕೂರುತ್ತಾನೆ. ಓದಿ ಮುಗಿಯುವವರೆಗೆ ಕಣ್ಣು ಕೀಳಲಾಗುವುದಿಲ್ಲ, ತಲೆ ಎತ್ತಿದರೆ ಬಾಗಿಲ ಬಳಿ ಆಕಾರವಿಲ್ಲದ ಒಂದು ಕರಿ ನೆರಳು. ಸರಿ, ಗುರುವಿನ ತಪ್ಪು ಒಂದು. ಆದರೆ ಒಂಬತ್ತು ಮಂದಿ ಗುರುಗಳಿದ್ದ ರೋಕ್‌ನಲ್ಲಿ ಅದೇ ಹುಡುಗ ಅದೇ ಜಂಬಕ್ಕೆ ಅದೇ ಕೆಲಸ ಮಾಡಿದಾಗ ನೆರಳು ಒಳಗೇ ಬಂತು, ಅದನ್ನು ತಡೆಯಲು ಹೋಗಿ ಮಹಾಗುರು ನೆಮರ್ಲ್ ಸತ್ತ. ಇಲ್ಲಿ ಒಗಿಯನ್ ಹೊತ್ತಿಗೆ ಸರಿಯಾಗಿ ಬಂದ, ಕೋಲಿನ ಬೆಳಕಲ್ಲಿ ನೆರಳನ್ನು ಓಡಿಸಿದ, ಬೈಯಲಿಲ್ಲ. ಇಲ್ಲೇ ಇರುತ್ತೀಯೋ ರೋಕ್‌ಗೆ ಹೋಗುತ್ತೀಯೋ ಎಂದು ಕೇಳಿದ. ಎಷ್ಟು ಗುರುಗಳು ಹಾಗೆ ಕೇಳಿಯಾರು?

ನಿಜ ಹೇಳಬೇಕೆಂದರೆ ನನಗೆ ಗೆಡ್ ಅಷ್ಟಕ್ಕಷ್ಟೇ. ಮೊದಲರ್ಧದಲ್ಲಿ ಅವನನ್ನು ಸಹಿಸಿಕೊಳ್ಳುವುದೇ ಒಗಿಯನ್‌ಗಾಗಿ. ಸಹಿಸಿದ್ದಕ್ಕೆ ಪ್ರತಿಫಲ ಏಳನೇ ಅಧ್ಯಾಯದಲ್ಲಿ ಸಿಗುತ್ತದೆ. ಆಸ್ಕಿಲ್ ಎಂಬ ದ್ವೀಪದಿಂದ ಗಿಡುಗನ ರೂಪದಲ್ಲಿ ಹಾರಿ ತಪ್ಪಿಸಿಕೊಂಡ ಗೆಡ್, ತಾನು ಮನುಷ್ಯನೆಂಬುದನ್ನೇ ಮರೆತು ಗುರುವಿನ ತೋಳಿನ ಮೇಲೆ ಬಂದು ಕೂರುತ್ತಾನೆ. ಇದು ಜೀವಕ್ಕೇ ಕುತ್ತು. ಆ ಲೋಕದಲ್ಲಿ ಒಬ್ಬ ಪದೇ ಪದೇ ಕರಡಿಯಾಗಿ, ಕೊನೆಗೆ ಕರಡಿಯಾಗಿಯೇ ಉಳಿದು ಸ್ವಂತ ಮಗನನ್ನು ಕೊಂದಿದ್ದಾನೆ. ಒಗಿಯನ್ ಗಡಿಬಿಡಿ ಮಾಡುವುದಿಲ್ಲ. ಹಕ್ಕಿಯನ್ನು ಒಲೆಯ ಹತ್ತಿರ ಕೂರಿಸುತ್ತಾನೆ, ನೀರಿಡುತ್ತಾನೆ, ಅದು ಕುಡಿಯುವುದಿಲ್ಲ. ಮಾತಿಗಿಂತ ಹೆಚ್ಚು ಕೈಯಿಂದಲೇ ನಿಧಾನಕ್ಕೆ ಮಂತ್ರ ಹೆಣೆಯುತ್ತಾನೆ. ಹೆಸರು ಕರೆಯುವುದು ಎಲ್ಲಕ್ಕಿಂತ ಕೊನೆಗೆ, ಅದೂ ಹಕ್ಕಿಯ ಕಡೆ ನೋಡದೆ. ಹಿಂದೆ ಹುಡುಗನಿಗೆ ನಿಜನಾಮ ಕೊಡುವ ದಿನ ನದಿ ದಾಟಿಸಿ ಆ ಹೆಸರನ್ನು ಕಿವಿಯಲ್ಲಿ ಹೇಳಿದವನೂ ಇವನೇ ತಾನೆ.

ಅಂದಹಾಗೆ, ಆ ಭೂಕಂಪದ ಕಥೆ 2001ರ 'ಟೇಲ್ಸ್ ಫ್ರಮ್ ಅರ್ಥ್‌ಸೀ' ಸಂಕಲನದಲ್ಲಿ ಉಂಟು. ಬೆಟ್ಟದೊಳಗೆ ಇಳಿದು ಅದನ್ನು ಹಿಡಿದು ಜೀವ ಕೊಟ್ಟವ ಒಗಿಯನ್‌ನ ಗುರು ಡಲ್ಸ್. ಒಗಿಯನ್ ಅದನ್ನು ಜನರಿಗೆ ಹೇಳಿದ. ಜನ ಅವನ ವಿನಯವನ್ನು ಹೊಗಳಿದರು, ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ಪುಸ್ತಕ ನನ್ನ ಹತ್ತಿರ ಉಂಟು, ಬೇಕಾದವರಿಗೆ ಕೊಡುತ್ತೇನೆ. ವಾಪಸ್ ಕೊಡುವವರು ಮಾತ್ರ ಕೇಳಿ.